ಬೆರಳ ತುದಿ ಹಾರಿದರೆ ಚರ್ಮ ಅಂಟಿಸಿದರೆ ಸಾಕಾ?

ಪ್ರಶ್ನೆ (ಬೈಕಂಪಾಡಿ): ಡಾಕ್ಟ್ರೆ, ಪ್ರೆಸ್ ಮೆಷಿನಿಗೆ ಸಿಕ್ಕಿ ನಮ್ಮ ಹುಡುಗನ ನಡುಬೆರಳಿನ ತುದಿಯ ಮಾಂಸ ಹೋಗಿದೆ, ಎಲುಬು ಕಾಣ್ತದೆ. ಪಕ್ಕದ ಬೆರಳಿಗೆ ಸೇರಿಸಿ ಹೊಲಿಯಬೇಕಂತೆ. ತೊಡೆಯ ಚರ್ಮ ಅಂಟಿಸಿದರೆ ಆಗುವುದಿಲ್ವಾ?

ಉತ್ತರ (ಪ್ಲಾಸ್ಟಿಕ್ ಸರ್ಜನ್): ಆಗುವುದಿಲ್ಲ ಮಾರಾಯ್ರೆ. ಅಂಟಿಸಿದ ಚರ್ಮಕ್ಕೆ ಸ್ವಂತ ರಕ್ತ ಇಲ್ಲ, ಅಡಿಯಿಂದ ಹೀರಿಯೇ ಬದುಕಬೇಕು. ಬರೀ ಎಲುಬಿನ ಮೇಲೆ ಅದು ಹಿಡಿಯದೆ ಕಪ್ಪಾಗ್ತದೆ. ಹಾಗಾಗಿ ರಕ್ತನಾಳ ಸಮೇತ ಬರುವ ಚರ್ಮ ಬೇಕು, ಅದೇ ಫ್ಲಾಪ್. ಪಕ್ಕದ ಬೆರಳಿನ ಬೆನ್ನಿನ ಚರ್ಮವನ್ನು ಒಂದು ಬದಿ ಬಿಡಿಸದೆ, ಪುಸ್ತಕದ ಹಾಳೆಯಂತೆ ಮಗುಚಿ ಗಾಯಕ್ಕೆ ಹೊಲಿಯುತ್ತಾರೆ. ಗಾಯದ ಕಡೆಯಿಂದ ಹೊಸ ರಕ್ತನಾಳ ಬೆಳೆಯಲು 2–3 ವಾರ ಬೇಕು, ಆಮೇಲೆ ಬೇರ್ಪಡಿಸುತ್ತಾರೆ. ನೀವು ಹೇಳುವ ಅಂಟಿಸುವ ಚರ್ಮ ಬೇಕಾಗುವುದು, ಚರ್ಮ ಕೊಟ್ಟ ಬೆರಳಿನ ಬೆನ್ನಿನ ಗಾಯ ಮುಚ್ಚಲು. ಅಲ್ಲಿ ಟೆಂಡನ್ (ಬೆರಳು ಆಡಿಸುವ ಹುರಿ) ಮೇಲಿನ ತೆಳು ಪೊರೆ ಉಳಿಸಿರಬೇಕು, ಇಲ್ಲದಿದ್ದರೆ ಅದೂ ಹಿಡಿಯುವುದಿಲ್ಲ. ಈ ಫ್ಲಾಪಿನ ದೊಡ್ಡ ತೊಂದರೆ ಬೆರಳಿನ ಗಂಟು (ಕೀಲು) ಬಿಗಿಯುವುದು, ಅದೂ ಎರಡು ಬೆರಳಲ್ಲಿ. ವಯಸ್ಸಾದವರಿಗೆ, ಸಂಧಿವಾತ ಇದ್ದವರಿಗೆ ನಾನು ಸಲಹೆ ಮಾಡುವುದಿಲ್ಲ. ಎಲುಬು ಕಾಣದೆ, ಗಾಯ 1 ಸೆಂ.ಮೀ. ಒಳಗಿದ್ದರೆ ಬರೀ ಡ್ರೆಸ್ಸಿಂಗಿನಲ್ಲೇ 3–5 ವಾರಕ್ಕೆ ಮಾಯ್ತದೆ.

ಪ್ರಶ್ನೆ (ಉಡುಪಿ): ಮತ್ತೆ ಮೈಕ್ರೋಸರ್ಜರಿ (ಸೂಕ್ಷ್ಮದರ್ಶಕದಲ್ಲಿ ನೋಡಿ ಮಾಡುವ ಆಪರೇಷನ್) ಯಾರಿಗೆ?

ಉತ್ತರ: ಗಾಯ ದೊಡ್ಡದಾಗಿ ಅಕ್ಕಪಕ್ಕದಲ್ಲಿ ಸಾಲ ತೆಗೆಯಲು ಚರ್ಮ ಇಲ್ಲದಿದ್ದಾಗ. ಮಣಿಕಟ್ಟಿನಿಂದಲೋ ಕಾಲ್ಬೆರಳಿನಿಂದಲೋ ನಾಳ ಸಮೇತ ಚರ್ಮ ತಂದು, ಸುಮಾರು 1 ಮಿ.ಮೀ. ನಾಳಗಳನ್ನು ಕೂದಲಿಗಿಂತ ತೆಳುವಾದ 10-0 ದಾರದಲ್ಲಿ ಜೋಡಿಸುತ್ತಾರೆ. ಮೊದಲ 2–3 ದಿನ ಆ ಚರ್ಮವನ್ನು ಗಂಟೆಗಂಟೆಗೂ ನೋಡಬೇಕು. ಒತ್ತಿ ಬಿಟ್ಟರೆ ಸುಮಾರು 2 ಸೆಕೆಂಡಿಗೆ ಬಣ್ಣ ಮರಳಬೇಕು. ಬಿಳುಚಿ ತಣ್ಣಗಾಗಿ ಬಣ್ಣ ಬಾರದಿದ್ದರೆ ಒಳಬರುವ ಧಮನಿ ಕಟ್ಟಿದೆ. ನೇರಳೆಯಾಗಿ ಉಬ್ಬಿ, ಬಣ್ಣ ತಟಕ್ಕನೆ ಮರಳಿದರೆ ಹೊರಹೋಗುವ ಸಿರೆ ಕಟ್ಟಿದೆ. ಹೊಸಬರು ಎಡವುವುದು ಇಲ್ಲಿ: ಬಣ್ಣ ಇದೆಯಲ್ಲ ಅಂತ ಸುಮ್ಮನಾಗ್ತಾರೆ. ಎರಡಕ್ಕೂ ತಕ್ಷಣ ಥಿಯೇಟರಿಗೆ ಒಯ್ಯಬೇಕು. ಬೀಡಿ-ಸಿಗರೇಟು ಪೂರ್ತಿ ಬಂದ್, ನಿಕೋಟಿನ್ ನಾಳ ಬಿಗಿಸ್ತದೆ.

ಪ್ರಶ್ನೆ (ಮಲ್ಪೆ): ಕಡಲಲ್ಲಿ ವಿಂಚಿಗೆ ಸಿಕ್ಕಿ ಬೆರಳು ತುಂಡಾದರೆ ಮೀನಿನ ಐಸಿಗೆ ಹಾಕಿ ತರಬಹುದಾ?

ಉತ್ತರ: ನೇರ ಐಸಿಗೆ ಬೇಡ, ಹೆಪ್ಪುಗಟ್ಟಿ ಜೀವಕೋಶ ಸಾಯ್ತವೆ. ಶುದ್ಧ ನೀರಲ್ಲಿ ತೊಳೆದು, ಒದ್ದೆ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ತೊಟ್ಟೆಗೆ ಹಾಕಿ ಬಾಯಿ ಕಟ್ಟಿ. ಆ ತೊಟ್ಟೆಯನ್ನು ಐಸು-ನೀರಿನ ಮೇಲಿಡಿ. ಬೆರಳಲ್ಲಿ ಮಾಂಸಖಂಡ ಇಲ್ಲದ್ದರಿಂದ ತಣ್ಣಗಿಟ್ಟರೆ ಹೆಚ್ಚು ಹೊತ್ತು ತಾಳ್ತದೆ, ಆದರೂ ತಡ ಮಾಡಬೇಡಿ. ಕೈಯಲ್ಲಿ ಉಳಿದ ಬೆರಳಿನ ಬುಡಕ್ಕೆ ದಾರ ಬಿಗಿಯಬೇಡಿ, ಗಾಯ ಒತ್ತಿ ಹಿಡಿದು ಕೈ ಮೇಲೆತ್ತಿ. ಹಗ್ಗಕ್ಕೆ ಸಿಕ್ಕಿ ಕಿತ್ತು ಬಂದದ್ದು ಜೋಡಣೆಗೆ ಕಷ್ಟ, ಆದರೂ ಎಸೆಯದೆ ತನ್ನಿ. ಅದರ ಚರ್ಮ ಬೇರೆ ಕಡೆಗಾದರೂ ಬೇಕಾಗ್ತದೆ.