ಮಳೆಗಾಲದಲ್ಲಿ ಹೋಂಸ್ಟೇ ಖಾಲಿ: ಸ್ಕೀ ಊರುಗಳವರ ಉಪಾಯ ನಮಗೆ ಆಗುತ್ತದೆಯೇ?

ಬಾಣೆಮನೆ

ಕೊಡಗಿನ ನಾಪೋಕ್ಲು ಕಡೆ ಕಾಫಿ ತೋಟದೊಳಗೆ 4 ಕೋಣೆಯ ಹೋಂಸ್ಟೇ. ಅಕ್ಟೋಬರ್‌ನಿಂದ ಮೇ ತನಕ ಶನಿವಾರ, ಭಾನುವಾರ ಕೋಣೆ ಖಾಲಿ ಇರುವುದಿಲ್ಲ. ಜೂನ್‌ನಲ್ಲಿ ಮಳೆ ಹಿಡಿದರೆ ಸೆಪ್ಟೆಂಬರ್ ತನಕ ಫೋನೇ ಬರುವುದಿಲ್ಲ. ಕೆಲಸದವರ ಸಂಬಳ, ಬ್ಯಾಂಕಿನ ಕಂತು ಹನ್ನೆರಡು ತಿಂಗಳೂ ಇದ್ದೇ ಇದೆ.

ಹಿಮ ಬೀಳುವ ಊರುಗಳಿಗೂ ಇದೇ ಕಷ್ಟ, ಅವರಿಗೆ ಬೇಸಿಗೆಯಲ್ಲಿ. ಕಾಶ್ಮೀರದ ಗುಲ್ಮಾರ್ಗ್‌ನ ಗೊಂಡೋಲ (ಕೇಬಲ್ ಕಾರ್) ಹಿಮ ಕರಗಿದ ಮೇಲೂ ಪ್ರವಾಸಿಗರನ್ನು ಮೇಲಕ್ಕೆ ಒಯ್ಯುತ್ತದೆ. ಕೆನಡಾದ ವಿಸ್ಲರ್‌ನಲ್ಲಿ ಸ್ಕೀ ಆಡುವವರ ಲಿಫ್ಟ್‌ಗಳೇ ಬೇಸಿಗೆಯಲ್ಲಿ ಸೈಕಲ್ ಹೊರುತ್ತವೆ. ನಮ್ಮಲ್ಲಿ ಅಂಥದ್ದು ಏನು ಮಾಡಬಹುದು? ಸದ್ಯ ಮೂರು ಯೋಚನೆ ಇದೆ: ಜಿಪ್‌ಲೈನ್ (ತಂತಿಗೆ ನೇತಾಡಿ ಜಾರುವ ಆಟ) ಹಾಕುವುದು, ಮನೆ ಹಿಂದಿನ ಬರೆ (ಮಣ್ಣಿನ ಇಳಿಜಾರು) ಕಡಿದು ವ್ಯೂ ಡೆಕ್ ಮಾಡುವುದು, ಇಲ್ಲವೇ ದರ ಅರ್ಧಕ್ಕೆ ಇಳಿಸುವುದು. ಯಾವುದಕ್ಕೆ ದುಡ್ಡು ಹಾಕಿದರೆ ಒಳ್ಳೆಯದು?

ಕಣದಂಗಳ

ಬರೆಗೆ ಮಾತ್ರ ಜೆಸಿಬಿ ತರಿಸಬೇಡಿ. ನೆಟ್ಟಗೆ ಕಡಿದ ಬರೆಗೆ ಕೆಳಗಿನ ಆಸರೆ ಹೋಗಿರುತ್ತದೆ. ಎರಡು ವಾರ ಬಿಡದೆ ಮಳೆ ಹೊಡೆದಾಗ ಮಣ್ಣು ನೀರು ಕುಡಿದು ಭಾರವಾಗಿ, ಒಳಗಿನ ಹಿಡಿತ ಸಡಿಲಾಗಿ, ಒಮ್ಮೆಲೇ ಜಾರುತ್ತದೆ. 2018ರ ಆಗಸ್ಟ್‌ನ ಭೂಕುಸಿತ ನೋಡಿದ ಜಿಲ್ಲೆಯಲ್ಲಿ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಈಗಾಗಲೇ ಕಡಿದ ಬರೆ ಇದ್ದರೆ ಮೇ ತಿಂಗಳೊಳಗೆ ಅದರ ತಲೆಯ ಮೇಲೊಂದು ಚರಂಡಿ, ಬುಡದಲ್ಲೊಂದು ಚರಂಡಿ ತೆಗೆದು ಎರಡರ ನೀರನ್ನೂ ತೋಡಿಗೆ ಮುಟ್ಟಿಸಿ. ಮೇಲೆ ನೆಲ ಬಿರುಕು ಬಿಟ್ಟರೆ, ಮರ ವಾಲಿದರೆ, ಊಟೆಯ ನೀರು ಇದ್ದಕ್ಕಿದ್ದಂತೆ ಕೆಂಪಾದರೆ ಅಥವಾ ನಿಂತುಹೋದರೆ, ಆ ಕಡೆಯ ಕೋಣೆಗಳನ್ನು ಅದೇ ಗಳಿಗೆ ಖಾಲಿ ಮಾಡಿಸಿ.

ಜಿಪ್‌ಲೈನ್ ಮಳೆಗಾಲದ ಹೂಡಿಕೆಯೇ ಅಲ್ಲ. ತಂತಿ ನೆನೆದರೆ ಬ್ರೇಕ್ ಸರಿಯಾಗಿ ಹಿಡಿಯುವುದಿಲ್ಲ, ಗಾಳಿ ಗುಡುಗಿದ್ದರೆ ನಿಲ್ಲಿಸಲೇಬೇಕು. ನಿಮಗೆ ಗಿರಾಕಿ ಬೇಕಾದ ದಿನಗಳಲ್ಲೇ ಅದು ಸುಮ್ಮನೆ ನೇತಾಡುತ್ತಿರುತ್ತದೆ.

ವಿಸ್ಲರ್‌ನಲ್ಲಿ ಸೈಕಲ್ ಪಾರ್ಕ್ ಶುರುವಾದದ್ದು 1999ರಲ್ಲಿ. ಅತಿ ದುಬಾರಿ ಸಾಮಾನಾದ ಲಿಫ್ಟ್ ಅದಾಗಲೇ ಅಲ್ಲಿತ್ತು. ಸೈಕಲ್ಲಿಗೆ ಬೇರೆ ದಾರಿ ಕಡಿದರು, ಲಿಫ್ಟಿಗೆ ಸೈಕಲ್ ಸಿಕ್ಕಿಸುವ ಏರ್ಪಾಟು ಮಾಡಿದರು. ಹಾಗೆ ನೋಡಿದರೆ ನಿಮ್ಮಲ್ಲಿ ಈಗಾಗಲೇ ಇರುವುದು ಅಡುಗೆಮನೆ, ಸೌದೆ ಒಲೆ, ನಾಟಿ ಗದ್ದೆ, ಕಾಫಿ ಗೋದಾಮು. ಮಳೆಯಲ್ಲಿ ದುಡಿಯಬೇಕಾದದ್ದು ಅವೇ.

ಆದರೆ ಅದಕ್ಕೂ ಮುಂಚೆ ಮನೆ ಒಣಗಿರಬೇಕು. ಮಳೆಗಾಲದ ಅತಿಥಿ ಮತ್ತೆ ಬಾರದಿರುವುದು ಹೆಚ್ಚಾಗಿ ಮುಗ್ಗಲು ವಾಸನೆಗೆ. ಬೇಸಿಗೆಯಲ್ಲಿ ಒಂದು ಹಾಸಿಗೆಗೆ 3 ಜೊತೆ ಹೊದಿಕೆ ಸಾಕಾದರೆ ಮಳೆಗಾಲಕ್ಕೆ 5 ಇಟ್ಟುಕೊಳ್ಳಿ. ದಪ್ಪ ಹತ್ತಿಯದು ಬೇಡ, ತೆಳು ನೇಯ್ಗೆಯದು ಬೇಗ ಒಣಗುತ್ತದೆ. 8×10 ಅಡಿಯ ಒಂದು ಕೋಣೆಯನ್ನು ಬಟ್ಟೆ ಒಣಗಿಸಲಿಕ್ಕೇ ಬಿಟ್ಟು ಒಂದು ಡಿಹ್ಯೂಮಿಡಿಫೈಯರ್ (ಗಾಳಿಯ ತೇವ ಹೀರುವ ಮಿಷನ್) ಇಡಿ, ಕಿಟಕಿ ಬಾಗಿಲು ಪೂರ್ತಿ ಮುಚ್ಚಿರಲಿ. ಕಿಟಕಿ ತೆರೆದಿಟ್ಟು ಆ ಮಿಷನ್ ಓಡಿಸಿದರೆ ಹೊರಗಿನ ತೇವವನ್ನೇ ದಿನವಿಡೀ ಹಿಂಡುತ್ತಾ ಕೂರುತ್ತದೆ, ಬಟ್ಟೆ ಹಸಿಯಾಗಿಯೇ ಉಳಿಯುತ್ತದೆ. ಕೈಗೆ ಒಣಗಿದಂತೆ ಅನ್ನಿಸಿದರೂ ಹೊಲಿಗೆಯ ಅಂಚನ್ನು ಕೆನ್ನೆಗೆ ಒತ್ತಿ ನೋಡಿ, ತಣ್ಣಗಿದ್ದರೆ ಇನ್ನೂ ಹಸಿ. ಮಡಚಿ ಬೀರುವಿಗೆ ಇಟ್ಟರೆ ಅಲ್ಲಿಂದಲೇ ಬೂಷ್ಟು ಶುರುವಾಗುತ್ತದೆ. ಮಂಚವನ್ನು ಗೋಡೆಯಿಂದ ಒಂದು ಗೇಣು ದೂರ ಎಳೆಯಿರಿ, ಹಾಸಿಗೆಯನ್ನು ವಾರಕ್ಕೊಮ್ಮೆ ನಿಲ್ಲಿಸಿ ಗಾಳಿಯಾಡಿಸಿ.

ಬಿಸಿನೀರಿಗೆ ಸೋಲಾರ್ ನಂಬಬೇಡಿ, ಸೌದೆ ಬಾಯ್ಲರ್ ಇರಲಿ. ಮೇ ಮುಗಿಯುವುದರೊಳಗೆ ಸೌದೆ ಸೂರಿನಡಿ ಸೇರಿರಬೇಕು. ಗ್ಯಾಸ್ ಗೀಸರನ್ನು ಬಚ್ಚಲೊಳಗೆ ಹಾಕಲೇಬೇಡಿ. ಚಳಿಗೆ ಜನ ಕಿಟಕಿ ಮುಚ್ಚಿ ಸ್ನಾನ ಮಾಡುತ್ತಾರೆ, ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ.

ದರ ಅರ್ಧ ಮಾಡಿದರೆ ಬರುವವರು ಅದೇ ಶನಿವಾರ, ಭಾನುವಾರದವರು. ಅದರ ಬದಲು ಸೋಮವಾರದಿಂದ ಗುರುವಾರಕ್ಕೆ ಎರಡು ರಾತ್ರಿಯ ದರದಲ್ಲಿ ಮೂರು ರಾತ್ರಿ ಕೊಡಿ. ವಾರಗಟ್ಟಲೆ ಕೂತು ಕೆಲಸ ಮಾಡುವವರು ಬೇಕಾದರೆ ಇಂಟರ್‌ನೆಟ್ಟಿಗೆ ಎರಡು ದಾರಿ ಇರಬೇಕು: ಫೈಬರ್ ಒಂದು, ಬೇರೆ ಕಂಪನಿಯ ಸಿಮ್ ಹಾಕಿದ ರೂಟರ್ ಇನ್ನೊಂದು. 12 ವೋಲ್ಟ್ 150 ಎಎಚ್ ಬ್ಯಾಟರಿ ಕಾಗದದ ಮೇಲೆ 1,800 ವ್ಯಾಟ್ ಅವರ್. ಕೈಗೆ ಸಿಗುವುದು ಸುಮಾರು 1,100. ಹತ್ತು ಎಲ್‌ಇಡಿ ಬಲ್ಬು, ರೂಟರ್ ಸೇರಿ 100 ವ್ಯಾಟ್ ಎಳೆದರೆ 11 ಗಂಟೆ. ಮರುದಿನವೂ ಕರೆಂಟ್ ಬಾರದಿದ್ದರೆ ಜನರೇಟರ್ ಬೇಕೇ ಬೇಕು, ಕರೆಂಟ್ ಹೋಗಿ ಕೆಲವು ಗಂಟೆಗೆ ಮೊಬೈಲ್ ಟವರೂ ಮಲಗಬಹುದು. ಇದನ್ನು ಬುಕಿಂಗ್ ಸಮಯದಲ್ಲೇ ಹೇಳಿಬಿಡಿ.

ಹಸಿಕಾಫಿ

ಮೇಲಿನದಕ್ಕೆ ಪೂರಾ ಒಪ್ಪಿಗೆ. ಕಾಫಿಯ ಬಗ್ಗೆ ಸ್ವಲ್ಪ ಸೇರಿಸುತ್ತೇನೆ.

ಮಳೆಗಾಲದಲ್ಲಿ ತೋಟದಲ್ಲಿ ಹೂವಿಲ್ಲ, ಹಣ್ಣಿಲ್ಲ, ತೋಟ ಸುತ್ತಿಸಿ ಪ್ರಯೋಜನವಿಲ್ಲ. ಒಳಗೆ ಕೂರಿಸಿ ಹುರಿಯುವುದನ್ನು, ರುಚಿ ನೋಡುವುದನ್ನು ಕಲಿಸಿ. 1 ಕಿಲೋದ ಚಿಕ್ಕ ಡ್ರಮ್ ರೋಸ್ಟರ್ ಸಾಕು. 12ರಿಂದ 15 ನಿಮಿಷಕ್ಕೆ ಒಂದು ಸಲ ಇಳಿಯುತ್ತದೆ, ಕಿಲೋ ಹಸಿಬೀಜಕ್ಕೆ 850 ಗ್ರಾಂ ಆಸುಪಾಸು ಹುರಿದದ್ದು ಸಿಗುತ್ತದೆ. ಬೀಜ ಮೊದಲ ಸಲ ಚಟಪಟ ಅಂದಾಗ ಅತಿಥಿಗಳನ್ನು ಹತ್ತಿರ ಕರೆಯಿರಿ, ಅಲ್ಲಿಂದ ಮುಂದಿನ ಒಂದೆರಡು ನಿಮಿಷದಲ್ಲೇ ರುಚಿಯ ದಾರಿ ಕವಲೊಡೆಯುತ್ತದೆ. ರುಚಿ ನೋಡಲು 150 ಮಿಲಿ ನೀರಿಗೆ 8.25 ಗ್ರಾಂ ದಪ್ಪ ಪುಡಿ, ನೀರು 93 ಡಿಗ್ರಿ, 4 ನಿಮಿಷ ಬಿಟ್ಟು ಮೇಲಿನ ಕೆನೆ ಒಡೆಯುವುದು. ಅರೇಬಿಕಾ, ರೊಬಸ್ಟಾ, ಪೀಬೆರಿ (ಹಣ್ಣಿನೊಳಗೆ ಒಂಟಿಯಾಗಿ ಬೆಳೆದ ಬೀಜ) ಮೂರನ್ನೂ ಸಾಲಾಗಿ ಇಡಿ, ಚಿಕೋರಿ ಬೇರೆ ಬಟ್ಟಲಲ್ಲಿರಲಿ. ಆರು ಜನರಿಗೆ ಎರಡೂವರೆ ಗಂಟೆ ಹಿಡಿಯುತ್ತದೆ.

ಎಡವುವುದು ಬೀಜ ಇಡುವುದರಲ್ಲಿ. ಜುಲೈನಲ್ಲಿ ಗೋಣಿಚೀಲದ ಬೀಜ ತೇವ ಎಳೆದು ಬಿಳಿಚುತ್ತದೆ, ಹುರಿದರೆ ಗೋಣಿಯ ರುಚಿಯೇ ಬರುತ್ತದೆ. ಮೇ ತಿಂಗಳಲ್ಲೇ ಗಾಳಿಯಾಡದ ಒಳಚೀಲಕ್ಕೆ ಹಾಕಿ, ಮರದ ಹಲಗೆಯ ಮೇಲೆ, ಗೋಡೆಗೆ ತಾಗದಂತೆ ಇಡಿ.

ಇನ್ನು ತಾರೀಕು. ಸ್ಕೀ ಊರಿನವರು ಸೀಸನ್ ಪಾಸನ್ನು ಹಿಮ ಬೀಳುವ ಮೊದಲೇ ಮಾರುತ್ತಾರೆ. ನಮಗೂ ಮೊದಲೇ ಮಾರಬಹುದಾದ ಎರಡು ದಿನ ಇವೆ: ಆಗಸ್ಟ್ 3ರ ಕಕ್ಕಡ 18 (ಕೊಡವರ ಕಕ್ಕಡ ತಿಂಗಳ 18ನೇ ದಿನ, ಮದ್ದುಸೊಪ್ಪಿನ ಅಡುಗೆ ಉಣ್ಣುವ ದಿನ) ಮತ್ತು ಸೆಪ್ಟೆಂಬರ್ 3ರ ಕೈಲ್‌ಪೋಳ್ದ್ (ಕೊಡವರ ಆಯುಧ ಪೂಜೆಯ ಹಬ್ಬ). ಮಳೆ ಇದ್ದರೂ ಈ ದಿನಗಳು ತಪ್ಪುವುದಿಲ್ಲ. ಏಪ್ರಿಲ್‌ನಲ್ಲೇ ಬುಕಿಂಗ್ ತೆರೆಯಿರಿ.

ತೋಡಿನಾಚೆ

ಹೊರಗೆ ಕರೆದೊಯ್ಯುವುದಾದರೆ ನಾಟಿ ಗದ್ದೆಯೇ ಸೈ. 5 ಸೆಂಟ್ ಜಾಗ 8 ಜನರಿಗೆ ಧಾರಾಳ. ಗೇಣಿಗೊಂದು ಗಂಟು ಹಾಕಿದ ಹಗ್ಗ ಎಳೆದು ಗಂಟಿನ ಬಳಿ ಎರಡು ಮೂರು ಪೈರು, ಒಂದು ಇಂಚು ಆಳಕ್ಕೆ. ಹೊಸಬರು ಆಳಕ್ಕೆ ಒತ್ತಿಬಿಡುತ್ತಾರೆ, ಅಂಥ ಪೈರು ತೆಂಡೆ (ಬುಡದ ಮರಿ) ಒಡೆಯಲು ತಡ ಮಾಡುತ್ತದೆ. ಮರುದಿನ ಕೆಲಸದವರಿಂದ ಸರಿಪಡಿಸುವ ಅರ್ಧ ದಿನದ ಕೂಲಿಯನ್ನೂ ದರದಲ್ಲಿ ಸೇರಿಸಿಕೊಳ್ಳಿ. ಕಾಲಲ್ಲಿ ಗಾಯವಿದ್ದವರನ್ನು ಇಳಿಸಬೇಡಿ, ಇಲಿಜ್ವರ ಹರಡುವುದು ಇಂಥ ನೀರಿನಿಂದಲೇ. ಮೇಲೆ ಬಂದ ಕೂಡಲೇ ಸೋಪು, ಬಿಸಿನೀರು ಸಿಗಬೇಕು.

ಇಂಬಳಕ್ಕೆ ಮೊಣಕಾಲುದ್ದದ ಒತ್ತು ನೇಯ್ಗೆಯ ಕಾಲುಚೀಲ ಬಾಡಿಗೆಗೆ ಇಡಿ. ಹಿಡಿದಿದ್ದರೆ ಎಳೆಯುವುದು ಬೇಡ, ಉಗುರನ್ನು ಅದರ ಬಾಯಿಯಡಿ ತೂರಿಸಿ ಪಕ್ಕಕ್ಕೆ ಸರಿಸಿದರೆ ಬಿಡುತ್ತದೆ. ರಕ್ತ ಸ್ವಲ್ಪ ಹೊತ್ತು ಸೋರುತ್ತದೆ, ಪಟ್ಟಿ ಸಾಕು.

ತಡಿಯಂಡಮೋಳ್ ಬೆಟ್ಟದ ಚಾರಣವನ್ನು ಜಾಹೀರಾತಿಗೆ ಹಾಕಬೇಡಿ. ಮಳೆಗಾಲದಲ್ಲಿ ಅರಣ್ಯ ಇಲಾಖೆ ಚಾರಣ ನಿಲ್ಲಿಸುವುದುಂಟು. ರಾಫ್ಟಿಂಗ್ (ರಬ್ಬರ್ ದೋಣಿಯಾಟ) ಕೇಳುವವರಿಗೆ ಬರಪೊಳೆ ನದಿ ಇದೆ, ಅದು ಮಳೆಗಾಲದ್ದೇ ಆಟ. ಅನುಮತಿ ಇರುವ ತಂಡವನ್ನೇ ತೋರಿಸಿ, ಜಿಲ್ಲೆಯ ದಕ್ಷಿಣದ ತುದಿಯಾದ್ದರಿಂದ ನಿಮ್ಮಲ್ಲಿಂದ ಇಡೀ ದಿನ ಬೇಕು.

ಭಾಗಮಂಡಲ–ನಾಪೋಕ್ಲು ರಸ್ತೆಗೆ ನೀರು ಬರುವ ಸಂಗತಿ ನಿಮಗೆ ಗೊತ್ತಿದ್ದದ್ದೇ, ಅತಿಥಿಗೆ ಗೊತ್ತಿರುವುದಿಲ್ಲ. ರಸ್ತೆ ಮುಚ್ಚಿದರೆ ಅಥವಾ ಜಿಲ್ಲಾಡಳಿತ ಪ್ರವಾಸಿಗರನ್ನು ತಡೆದರೆ ಪೂರ್ತಿ ಹಣ ವಾಪಸ್ ಇಲ್ಲವೇ ಒಂದು ವರ್ಷದೊಳಗೆ ಬೇರೆ ದಿನ, ಆಯ್ಕೆ ಅತಿಥಿಯದು ಎಂದು ಬರೆದುಕೊಡಿ. 2018ರಲ್ಲಿ ಜಿಲ್ಲೆಗೆ ಪ್ರವಾಸಿಗರನ್ನೇ ಬಿಡದ ದಿನಗಳಿದ್ದವು, ಅಂಥ ಹೊತ್ತಿನಲ್ಲಿ ಜಗಳ ಆಗುವುದು ಈ ಸಾಲು ಇಲ್ಲದಿದ್ದರೆ.

ಬಾಣೆಮನೆ

ಎಲ್ಲರಿಗೂ ಧನ್ಯವಾದ. ಡೆಕ್, ಜಿಪ್‌ಲೈನ್ ಎರಡೂ ಕೈಬಿಟ್ಟೆ. ಕಕ್ಕಡ 18ಕ್ಕೆ ಹೊರಗಿನ 12 ಜನರಿಗೆ ಮದ್ದುಸೊಪ್ಪಿನ ಪಾಯಸ ಮಾಡಬೇಕೆಂದರೆ ಲೆಕ್ಕ ಹೇಗೆ? ಕಣಿಲೆ (ಎಳೆ ಬಿದಿರು), ಅಣಬೆಯೂ ಇಡಬಹುದೇ?

ಹಸಿಕಾಫಿ

ಸಣ್ಣಕ್ಕಿ 3 ಪಾವು ಇಟ್ಟುಕೊಂಡರೆ ಧಾರಾಳವಾಗುತ್ತದೆ, ಅದಕ್ಕೆ ಸೊಪ್ಪಿನ ರಸ ಅಕ್ಕಿಯ ಐದು ಪಟ್ಟು. ಹಿಂದಿನ ಸಂಜೆ ಎಲೆ, ಎಳೆ ಕಡ್ಡಿ ಎರಡನ್ನೂ ಕುದಿಸಿ ರಾತ್ರಿ ಹಾಗೇ ಮುಚ್ಚಿಡಿ, ಬೆಳಿಗ್ಗೆ ಸೋಸಿದರೆ ನೇರಳೆ ಮೀರಿ ಕಪ್ಪಿಗೆ ತಿರುಗಿರುತ್ತದೆ. ಅಕ್ಕಿ ಅದರಲ್ಲೇ ಬೇಯಲಿ. ಬೆಲ್ಲ, ಕಾಯಿಹಾಲು ಕೊನೆಗೆ, ಹಾಲು ಹಾಕಿದ ಮೇಲೆ ಕುದಿಸಬೇಡಿ, ಒಡೆಯುತ್ತದೆ.

ಕಣಿಲೆ ಇಡಿ, ಆದರೆ ಖಾಸಗಿ ಜಾಗದ್ದೇ ಆಗಿರಲಿ, ಕಾಡಿನಿಂದ ಕಡಿಯುವಂತಿಲ್ಲ. ತೆಳ್ಳಗೆ ಹೆಚ್ಚಿ ಎರಡು ಮೂರು ದಿನ ನೀರಲ್ಲಿಟ್ಟು ದಿನವೂ ನೀರು ಬದಲಿಸಿ, ಆಮೇಲೆ ಬೇಯಿಸಿ ಆ ನೀರನ್ನೂ ಚೆಲ್ಲಿ. ಹಸಿ ಕಣಿಲೆಯಲ್ಲಿ ಸಯನೈಡ್ ಬಿಡುವ ಅಂಶ ಇರುತ್ತದೆ. ಕಾಡಣಬೆಯನ್ನು ಅತಿಥಿಯ ತಟ್ಟೆಗೆ ಹಾಕಲೇಬೇಡಿ, ಗುರುತು ತಪ್ಪಿದರೆ ತಿದ್ದಿಕೊಳ್ಳಲು ಅವಕಾಶ ಇರುವುದಿಲ್ಲ.

ಪಾಯಸ ಬಡಿಸುವಾಗಲೇ ಒಂದು ಮಾತು ಹೇಳಿ: ಮರುದಿನ ಮೂತ್ರ ಕೆಂಪಗೆ ಹೋಗುತ್ತದೆ, ಅದು ಸೊಪ್ಪಿನ ಬಣ್ಣ, ಗಾಬರಿ ಬೇಡ. ಹೇಳದಿದ್ದರೆ ಬೆಳಗಾಗುವುದರೊಳಗೆ ಆಸ್ಪತ್ರೆ ಎಲ್ಲಿ ಎಂದು ಕೇಳುತ್ತಾರೆ.