ಸೊಪ್ಪು ಕೊಳೆಸಿದ ಗೊಬ್ಬರದ ನೀರು ಹಾಕಿದ ಮೇಲೆ ಮೆಣಸಿನ ಗಿಡ ಸುಟ್ಟಿದೆ, ತಪ್ಪಾಗಿದ್ದು ಎಲ್ಲಿ?

ಮಹಡಿತೋಟ:

ಎಲ್ಲರಿಗೂ ನಮಸ್ಕಾರ. ಕುಂಡದಲ್ಲಿ ತರಕಾರಿ ಬೆಳೆಯೋಕೆ ಶುರು ಮಾಡಿ ಎರಡು ವರ್ಷ ಆಯ್ತು. ಸಗಣಿ, ಗಂಜಲ ನನಗೆ ಸಿಗಲ್ಲ. ಅದಕ್ಕೇ ಬರೀ ಸೊಪ್ಪುಸದೆಯಿಂದ ದ್ರವಗೊಬ್ಬರ ಮಾಡಬೇಕು ಅಂತ ಹಟ ಹಿಡಿದು ಕೂತಿದ್ದೀನಿ. ಮಾಡಿದ್ದನ್ನ ಒಂದೂ ಬಿಡದೆ ಬರೀತೀನಿ, ಓದಿ ತಪ್ಪು ಎಲ್ಲಿದೆ ಹೇಳಿ.

20 ಲೀಟರಿನ ಪ್ಲಾಸ್ಟಿಕ್ ಬಕೆಟ್. ಮುಕ್ಕಾಲು ಭಾಗ ಗ್ಲಿರಿಸಿಡಿಯಾ ಎಲೆ, ಗೊಬ್ಬರದ ಗಿಡ ಅಂತಾರಲ್ಲ, ಅದೇ. ಉಳಿದದ್ದು ಕುಂಡಗಳಿಂದ ಕಿತ್ತ ಕಳೆ. ಕೈಯಲ್ಲಿ ಒತ್ತಿ ಒತ್ತಿ ಅರ್ಧ ಬಕೆಟ್ಟಿಗಿಂತ ಸ್ವಲ್ಪ ಮೇಲೆ ಬರೋ ಹಾಗೆ ತುಂಬಿ, ಮೇಲೊಂದು ಕಲ್ಲು ಹೇರಿ ನೀರು ಸುರಿದೆ. ಸುಮಾರು 12 ಲೀಟರ್ ಹಿಡೀತು. ಮುಚ್ಚಳ ಸಡಿಲವಾಗಿ ಇಟ್ಟಿದ್ದೆ. ಮೂರನೇ ದಿನ ನೊರೆ ಬಂತು, ಒಂದು ವಾರಕ್ಕೆ ಪಕ್ಕದಲ್ಲಿ ನಿಲ್ಲೋಕೆ ಆಗದಷ್ಟು ನಾತ. 18ನೇ ದಿನ, ಪೊಟ್ಯಾಶ್ ಕೂಡ ಸಿಗಲಿ ಅಂತ ಒಂದು ಮಗ್ ತುಂಬ ಕಟ್ಟಿಗೆ ಬೂದಿ ಹಾಕಿ ಕಲಕಿದೆ. ವಾಸನೆನೇ ಬದಲಾಯ್ತು. ಕೊಳೆತ ನಾತ ಹಿಂದೆ ಸರಿದು, ಬಗ್ಗಿ ನೋಡಿದ್ರೆ ಮೂಗು ಕಣ್ಣು ಚುರ್ ಅನ್ನೋ ಹಾಗಾಯ್ತು. ಗೊಬ್ಬರ ಹದಕ್ಕೆ ಬಂದಿದೆ ಅಂದ್ಕೊಂಡೆ.

20ನೇ ದಿನ ಸೋಸಿ, ಒಂದು ಮಗ್ ಗೊಬ್ಬರಕ್ಕೆ ಮೂರು ಮಗ್ ನೀರು ಬೆರೆಸಿ 11 ಮೆಣಸಿನ ಕುಂಡಗಳಿಗೆ ಅರ್ಧರ್ಧ ಲೀಟರ್ ಕೊಟ್ಟೆ. ಮಾರನೇ ದಿನ ಏನೂ ಕಾಣಲಿಲ್ಲ. ಮೂರನೇ ದಿನ ಎಲೆಗಳ ಅಂಚು ಕಂದಾಗಿ ಒಳಕ್ಕೆ ಮುದುರಿಕೊಂಡಿತ್ತು. ಮಣ್ಣು ಒದ್ದೆ ಇದ್ರೂ ಮಧ್ಯಾಹ್ನ ಗಿಡ ಜೋತು ಬೀಳ್ತಿದೆ. ಕೊಕೊಪೀಟ್ (ತೆಂಗಿನ ನಾರಿನ ಪುಡಿ) ಜಾಸ್ತಿ ಹಾಕಿದ ನಾಲ್ಕು ಕುಂಡಗಳದ್ದು ತೀರಾ ಕೆಟ್ಟ ಸ್ಥಿತಿ. ಮಣ್ಣು ಜಾಸ್ತಿ ಇರೋ ಎರಡು ದೊಡ್ಡ ಕುಂಡಗಳಿಗೆ ಅಷ್ಟೇನೂ ಆಗಿಲ್ಲ. ಉಳಿದ ನೀರನ್ನ ಕೆಳಗೆ ನೆಲದಲ್ಲಿರೋ ಹೀರೆ ಬುಡಕ್ಕೆ ಸುರಿದಿದ್ದೆ, ಅದಕ್ಕೆ ಏನೂ ಆಗಿಲ್ಲ, ಬದಲಿಗೆ ಹಸಿರು ಇನ್ನೂ ಗಾಢವಾಗಿದೆ! ಒಂದೇ ಬಕೆಟ್ಟಿನ ನೀರು ಇಲ್ಲಿ ಅಮೃತ, ಅಲ್ಲಿ ವಿಷ ಆಗಿದ್ದು ಹೇಗೆ ಅಂತ ತಿಳೀತಾ ಇಲ್ಲ.

ಇನ್ನೊಂದು ಮಾತು. ಬಕೆಟ್ಟಿನಲ್ಲಿ ಉದ್ದ ಬಾಲ ಇರೋ ಬಿಳಿ ಹುಳುಗಳಿದ್ವು. ಅವುಗಳಿಂದ ಏನಾದ್ರೂ ಆಗಿರಬಹುದಾ?

ಹಿತ್ತಲಬಾಗಿಲು:

ಕಾರಣ ಆಮೇಲೆ ಹುಡುಕೋಣ, ಮೊದಲು ಗಿಡ ಉಳಿಸಿಕೊಳ್ಳಿ ಅಕ್ಕ. ಪ್ರತಿ ಕುಂಡಕ್ಕೂ ಬರೀ ನೀರನ್ನ ನಿಧಾನವಾಗಿ, ತಳದ ತೂತಿಂದ ಧಾರೆ ಹರಿಯೋ ತನಕ ಹಾಕಿ. ಅರ್ಧ ಗಂಟೆ ಬಿಟ್ಟು ಮತ್ತೆ ಹಾಕಿ. ಕುಂಡ ಎಷ್ಟು ಲೀಟರಿನದೋ ಅದರ ಎರಡು ಮೂರು ಪಟ್ಟು ನೀರು ಹಾದು ಹೋಗಲಿ. ಕೆಳಗೆ ತಟ್ಟೆ ಇದ್ರೆ ತೆಗೆದುಬಿಡಿ, ಇಲ್ಲಾಂದ್ರೆ ತೊಳೆದದ್ದನ್ನೇ ಗಿಡ ಮತ್ತೆ ಕುಡಿಯತ್ತೆ. ಆಮೇಲೆ ಒಂದು ವಾರ ಮಧ್ಯಾಹ್ನದ ಬಿಸಿಲು ತಾಗದ ಕಡೆ ಇಟ್ಟು, ಮೇಲ್ಮಣ್ಣು ಒಣಗೋವರೆಗೂ ನೀರು ಕೊಡಬೇಡಿ. ಸುಟ್ಟ ಅಂಚು ಮತ್ತೆ ಹಸಿರಾಗಲ್ಲ, ಅದನ್ನ ನೋಡಿ ಎದೆಗುಂದಬೇಡಿ. ಸುಳಿ ಹೇಗಿದೆ ಅಂತ ಮಾತ್ರ ನೋಡ್ತಾ ಇರಿ.

ಕೈತೋಟ ದಿನಚರಿ:

ನಾನು ಬೂದಿ ಹಾಕಲ್ಲ, ಬೆಲ್ಲ ಹಾಕ್ತೀನಿ. ನಾತ ಕಡಿಮೆ ಆಗುತ್ತೆ, ಹುಳಿ ವಾಸನೆ ಬರುತ್ತೆ. ನನ್ನ ಗಿಡ ಯಾವತ್ತೂ ಸುಟ್ಟಿಲ್ಲ. ಮುಂದಿನ ಸಲ ಬೆಲ್ಲ ಹಾಕಿ ನೋಡಿ ಮೇಡಂ.

ಎರೆಹುಳು:

"ಬೂದಿ ಹಾಕಿದ ಮೇಲೆ ಕಣ್ಣು ಚುರ್ ಅಂದಿತು" ಎಂದು ಬರೆದಿದ್ದೀರಲ್ಲ ಅಮ್ಮ, ಉತ್ತರ ಆ ಸಾಲಿನಲ್ಲೇ ಇದೆ. ಆರು ವರ್ಷದಿಂದ ಎರಡು ಬಕೆಟ್ ಇಟ್ಟುಕೊಂಡು, ಒಂದು ತೀರುವ ಹೊತ್ತಿಗೆ ಇನ್ನೊಂದು ತಯಾರಾಗುವ ಹಾಗೆ ಈ ಗೊಬ್ಬರ ಮಾಡುತ್ತಿದ್ದೇನೆ. ತಿಳಿದದ್ದನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಎಲೆಯಲ್ಲಿರುವ ಸಾರಜನಕದ ಬಹುಪಾಲು ಪ್ರೋಟೀನಿನೊಳಗೆ ಸಿಕ್ಕಿಕೊಂಡಿರುತ್ತದೆ. ನೆನೆಸಿದ ಮೊದಲ ಎರಡು ಮೂರು ದಿನ ಅದು ನೀರಿಗೆ ಇಳಿಯುವುದು ತೀರಾ ಕಡಿಮೆ. ಸೂಕ್ಷ್ಮಜೀವಿಗಳು ಎಲೆಯನ್ನು ಕೊಳೆಸಿ ಪ್ರೋಟೀನನ್ನು ಒಡೆದ ಮೇಲೆ ಅದು ಅಮೋನಿಯಂ ರೂಪದಲ್ಲಿ ನೀರಿಗೆ ಬರುತ್ತದೆ. ನಮಗೆ ಬೇಕಾದ ಗೊಬ್ಬರ ಅದೇ. ಈ ಅಮೋನಿಯಂ ನೀರಿನಲ್ಲೇ ಉಳಿಯುತ್ತದೋ, ಅಮೋನಿಯಾ ಅನಿಲವಾಗುತ್ತದೋ ಎನ್ನುವುದನ್ನು ಪಿಎಚ್, ಅಂದರೆ ನೀರು ಎಷ್ಟು ಹುಳಿ ಅಥವಾ ಎಷ್ಟು ಕ್ಷಾರ ಎನ್ನುವ ಅಳತೆ, ತೀರ್ಮಾನಿಸುತ್ತದೆ. 7 ನಡುವಿನದು, ಅದಕ್ಕಿಂತ ಮೇಲೆ ಹೋದಷ್ಟೂ ಕ್ಷಾರ. ಪಿಎಚ್ 7 ಇದ್ದಾಗ ಅನಿಲ ರೂಪದಲ್ಲಿರುವುದು ನೂರಕ್ಕೆ ಒಂದು ಪಾಲೂ ಇಲ್ಲ. 9 ದಾಟಿದರೆ ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚು. ಕಟ್ಟಿಗೆ ಬೂದಿ ಜೋರಾದ ಕ್ಷಾರ, ಪಿಎಚ್ ಏರಿಸುತ್ತದೆ. ಒಂದು ಮಗ್ ಸುರಿದಾಗ ನಿಮ್ಮ ಕಣ್ಣಿಗೆ ಬಡಿದದ್ದು ಅಮೋನಿಯಾ. ಎರಡು ವಾರ ಕಾದು ಕೂಡಿಟ್ಟ ಸಾರಜನಕ ಗಾಳಿಗೆ ಹೋಗುತ್ತಿತ್ತು. ಹೋಗದೆ ಉಳಿದದ್ದು ಬೇರಿಗೆ ತಾಗಿತು. ಅಮೋನಿಯಂ ಮಿತಿಯಲ್ಲಿದ್ದರೆ ಬೇರು ಸಹಿಸಿಕೊಳ್ಳುತ್ತದೆ, ಅಮೋನಿಯಾವನ್ನು ಸಹಿಸುವುದಿಲ್ಲ. ಮಣ್ಣು ಒದ್ದೆ ಇದ್ದೂ ಗಿಡ ಬಾಡುವುದು ಬೇರು ಸುಟ್ಟಿರುವುದರ ಒಂದು ಲಕ್ಷಣ.

ಇನ್ನು ತೂಕದ ವಿಷಯ. ಹತ್ತು ದಿನವೋ ಇಪ್ಪತ್ತು ದಿನವೋ ಎಂದು ಎಲ್ಲರೂ ದಿನ ಎಣಿಸುತ್ತಾರೆ, ಸೊಪ್ಪನ್ನು ತೂಗುವವರು ಕಡಿಮೆ. ಅರ್ಧ ಬಕೆಟ್ ಒತ್ತಿ ತುಂಬಿದ ಸೊಪ್ಪು 4 ಕಿಲೋ ಆದರೂ ಇದ್ದೀತು. ಹಸಿ ಎಲೆಯಲ್ಲಿ ಸುಮಾರು ಮುಕ್ಕಾಲು ಪಾಲು ನೀರು. ಹಾಗಾಗಿ ಒಣ ಪದಾರ್ಥ 1 ಕಿಲೋ ಎಂದಿಟ್ಟುಕೊಳ್ಳೋಣ. ಗ್ಲಿರಿಸಿಡಿಯಾ ದ್ವಿದಳ ಜಾತಿ, ಒಣ ತೂಕದ ಶೇಕಡಾ 3ರಷ್ಟಾದರೂ ಸಾರಜನಕ ಇರುತ್ತದೆ. ಅಂದರೆ 30 ಗ್ರಾಂ. ನೀವು ಸುರಿದ 12 ಲೀಟರಿಗೆ ಎಲೆಯಲ್ಲಿದ್ದ ನೀರೂ ಸೇರಿ 15 ಲೀಟರ್ ಎಂದರೆ, ಲೀಟರಿಗೆ 2 ಗ್ರಾಂ. ಅರ್ಧ ಮಾತ್ರ ಕೊಳೆತು ಬಂತು ಎಂದುಕೊಂಡರೂ 1 ಗ್ರಾಂ. ಮೂರು ಪಾಲು ನೀರು ಬೆರೆಸಿದ ಮೇಲೆ ಲೀಟರಿಗೆ 250 ಮಿಲಿಗ್ರಾಂ. ಕುಂಡದ ಗಿಡಗಳಿಗೆ ದ್ರವಗೊಬ್ಬರದಲ್ಲಿ ಸಾಮಾನ್ಯವಾಗಿ 100ರಿಂದ 200 ಕೊಡುತ್ತಾರೆ, ಅದರಲ್ಲೂ ದೊಡ್ಡ ಪಾಲು ನೈಟ್ರೇಟ್ ರೂಪದಲ್ಲಿ, ಅಂದರೆ ಬೇರಿಗೆ ಅಷ್ಟು ತೊಂದರೆ ಕೊಡದ ಸಾರಜನಕದ ಇನ್ನೊಂದು ರೂಪದಲ್ಲಿ. ನಿಮ್ಮದರಲ್ಲಿ ಹೆಚ್ಚುಕಡಿಮೆ ಪೂರ್ತಿ ಅಮೋನಿಯಂ, ಮೇಲಿಂದ ಬೂದಿಯ ಕ್ಷಾರ.

ಹೀರೆ ಬದುಕಿತು, ಮೆಣಸು ಸುಟ್ಟಿತು ಏಕೆ? ಹಳೆಯ ಮಣ್ಣಿನಲ್ಲಿ ಅಮೋನಿಯಂ ಅನ್ನು ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾ ಧಾರಾಳವಾಗಿರುತ್ತವೆ, ಜೇಡಿಯ ಕಣಗಳೂ ಅಮೋನಿಯಂ ಅನ್ನು ಹಿಡಿದಿಟ್ಟುಕೊಳ್ಳುತ್ತವೆ. ಸುರಿದ ನೀರು ಹರಡಿಕೊಳ್ಳಲು ನೆಲದಲ್ಲಿ ಜಾಗವೂ ಇದೆ. ಹೊಸ ಕೊಕೊಪೀಟಿನಲ್ಲಿ ಆ ಬ್ಯಾಕ್ಟೀರಿಯಾ ತೀರಾ ಕಡಿಮೆ. ಜೊತೆಗೆ, ಅರೆಕೊಳೆತ ನೀರು ಕುಂಡಕ್ಕೆ ಇಳಿದಾಗ ಅದನ್ನು ತಿನ್ನುವ ಸೂಕ್ಷ್ಮಜೀವಿಗಳು ಬೇರಿನ ಪಾಲಿನ ಆಮ್ಲಜನಕವನ್ನೂ ಬಳಸಿಬಿಡುತ್ತವೆ. ಚಿಕ್ಕ ಕುಂಡಕ್ಕೆ ಇದೆಲ್ಲ ಒಟ್ಟಿಗೇ ಬಂದೆರಗಿತು.

ನಾನು ಮಾಡುವ ಕ್ರಮ ಇದು. 1 ಕಿಲೋ ಹಸಿ ಸೊಪ್ಪಿಗೆ 10 ಲೀಟರ್ ನೀರು. ಸ್ಪ್ರಿಂಗ್ ತಕ್ಕಡಿಯಲ್ಲಿ ತೂಗಿಯೇ ಹಾಕುತ್ತೇನೆ. ಎಳೆ ಎಲೆ, ಮೆತ್ತನೆ ದಂಟು ಮಾತ್ರ. ಹೂ ಬಿಟ್ಟು ಬಲಿತದ್ದು ಬೇಡ. ನೀಲಗಿರಿಯಂಥ ಘಾಟು ಎಣ್ಣೆಯ ಎಲೆ ಬೇಡ. ಕಳೆನಾಶಕ ಹೊಡೆದ ಜಾಗದ್ದಂತೂ ಬೇಡವೇ ಬೇಡ, ಕೆಲವು ಕಳೆನಾಶಕಗಳು ಕೊಳೆತ ಮೇಲೂ ಉಳಿದು ಗಿಡ ಸೊಟ್ಟಗಾಗಿಸುತ್ತವೆ. ಸೊಪ್ಪನ್ನು ಕೊಚ್ಚಿ, ಈರುಳ್ಳಿ ಬರುವ ಬಲೆ ಚೀಲದಲ್ಲಿ ಕಟ್ಟಿ, ಕಲ್ಲು ಹೇರಿ ಮುಳುಗಿಸಿದರೆ ಸೋಸುವ ಕಷ್ಟವಿಲ್ಲ. ಬಾಯಿಗೆ ಸೊಳ್ಳೆಬಲೆ ಬಿಗಿದು, ಅದರ ಮೇಲೆ ಮುಚ್ಚಳ ಸುಮ್ಮನೆ ಇಡಿ. ಗಾಳಿಯಾಡದಂತೆ ಬಿಗಿದರೆ ಒಳಗಿನ ಅನಿಲ ಡಬ್ಬವನ್ನು ಉಬ್ಬಿಸಿ ಸಿಡಿಸುತ್ತದೆ. ಸತು ಲೇಪಿಸಿದ ಬಕೆಟ್ ಬಳಸಬೇಡಿ. ದಿನಾ ಕಲಕಬೇಕು ಎನ್ನುವವರಿದ್ದಾರೆ. ಕಲಕಿದರೆ ನಾತ ಕಡಿಮೆಯಾಗುವುದು ನಿಜ. ನಾನು ವಾರಕ್ಕೆರಡು ಸಲ ಚೀಲವನ್ನು ಮೇಲೆತ್ತಿ ಅದ್ದುತ್ತೇನೆ, ಅಷ್ಟೇ. ಸೆಕೆಗಾಲದಲ್ಲಿ 12ರಿಂದ 14 ದಿನ, ಚಳಿಯಲ್ಲಿ ಮೂರು ನಾಲ್ಕು ವಾರ. ಗುಳ್ಳೆ ನಿಂತು, ಚೀಲದಲ್ಲಿ ಎಲೆಯ ನರ ಮಾತ್ರ ಉಳಿದಿದ್ದರೆ ಆಯಿತು.

ಬಳಸುವಾಗ ಒಂದು ಪಾಲಿಗೆ ಹತ್ತು ಪಾಲು ನೀರು, ಸಸಿಗಳಿಗಾದರೆ ಇಪ್ಪತ್ತು. ಮೊದಲು ಬರೀ ನೀರಿನಲ್ಲಿ ಮಣ್ಣು ತೋಯಿಸಿ, ಆಮೇಲೆ ಇದನ್ನು ಕೊಡಿ. ಹಸಿಯಾಗಿ ತಿನ್ನುವ ಸೊಪ್ಪಿನ ಎಲೆಗಳ ಮೇಲೆ ಸುರಿಯಬೇಡಿ, ಬುಡಕ್ಕೆ ಮಾತ್ರ. ಹೂವಿನ ಹೊತ್ತಿಗೆ ನಿಲ್ಲಿಸಿ. ಸಾರಜನಕ ಹೆಚ್ಚಾದರೆ ಎಲೆಯೇ ಎಲೆ, ಹೂವಿಲ್ಲ.

ಪೊಟ್ಯಾಶಿಗೆ ಬೂದಿಯೇ ಬೇಕೆಂದರೆ ಬೇರೆ ದಿನ, ಬೇರೆಯಾಗಿ, ಮಣ್ಣಿನ ಮೇಲೆ ಒಂದು ಚಿಟಿಕೆ ಉದುರಿಸಿ. ನನ್ನನ್ನು ಕೇಳಿದರೆ ಬಾಳೆದಿಂಡು ಕೊಚ್ಚಿ ಇನ್ನೊಂದು ಬಕೆಟ್ಟಿನಲ್ಲಿ ನೆನೆಹಾಕುವುದು ಒಳ್ಳೆಯದು. ಪೊಟ್ಯಾಶ್ ಎಲೆದಂಟಿನ ರಸದಲ್ಲಿ ಕರಗಿಯೇ ಇರುತ್ತದೆ, ಪ್ರೋಟೀನ್ ಒಡೆಯುವವರೆಗೆ ಕಾಯಬೇಕಿಲ್ಲ. ನಾಲ್ಕೈದು ದಿನಕ್ಕೆ ಬೇಕಾದಷ್ಟು ಇಳಿದಿರುತ್ತದೆ.

ಬೆಲ್ಲದ ಬಗ್ಗೆ ಬರೆದವರಿಗೆ: ನಿಮ್ಮ ಗಿಡ ಸುಡದಿರುವುದಕ್ಕೂ ಕಾರಣವಿದೆ. ಸಕ್ಕರೆ ಸಿಕ್ಕರೆ ಸೂಕ್ಷ್ಮಜೀವಿಗಳು ವೇಗವಾಗಿ ಬೆಳೆದು ನೀರಿನ ಸಾರಜನಕವನ್ನು ತಮ್ಮ ಮೈಗೇ ಸೇರಿಸಿಕೊಳ್ಳುತ್ತವೆ, ನೀರೂ ಹುಳಿಯಾಗುತ್ತದೆ. ಅಪಾಯ ಕಡಿಮೆ, ಗಿಡಕ್ಕೆ ತಕ್ಷಣ ಸಿಗುವ ಗೊಬ್ಬರವೂ ಕಡಿಮೆ. ನಾತ ತಡೆಯಲಾಗದ ಕಡೆ ಅದೇ ಸರಿ ಎಂದು ನಾನೂ ಒಪ್ಪುತ್ತೇನೆ.

ಬಾಲದ ಹುಳು ಒಂದು ಜಾತಿಯ ಹೂನೊಣದ ಮರಿ. ಆ ಬಾಲ ಅದರ ಉಸಿರಾಟದ ಕೊಳವೆ, ಕೊಳಕು ನೀರಿನಲ್ಲಿ ಮುಳುಗಿದ್ದುಕೊಂಡೇ ಅದರ ತುದಿಯನ್ನು ಮೇಲಕ್ಕೆ ಚಾಚಿ ಉಸಿರಾಡುತ್ತದೆ. ದೊಡ್ಡದಾದ ಮೇಲೆ ಜೇನುನೊಣದಂತೆ ಕಾಣುತ್ತದೆ, ಹೂವಿಂದ ಹೂವಿಗೆ ಹೋಗಿ ಪರಾಗಸ್ಪರ್ಶ ಮಾಡುತ್ತದೆ. ಗಿಡಕ್ಕೆ ಏನೂ ಮಾಡಿಲ್ಲ, ದಯವಿಟ್ಟು ಬಿಸಿಲಿಗೆ ಎಸೆಯಬೇಡಿ. ಚರಟದ ಜೊತೆ ಒಂದು ಒದ್ದೆ ಮೂಲೆಯಲ್ಲಿ ಬಿಡಿ.

ಹಸಿರುಮಡಿ:

ಎರೆಹುಳು ಸರ್, ಒಂದು ಸಂದೇಹ. ಇಷ್ಟೆಲ್ಲ ಕೊಳೆಸೋ ಬದಲು ಅದೇ ಸೊಪ್ಪನ್ನ ಬುಡಕ್ಕೆ ಹೊದಿಸಿದ್ರೆ ಸಾಕಲ್ವಾ? ನಾನು ನೆಲದಲ್ಲಿ ಅದನ್ನೇ ಮಾಡೋದು. ಇನ್ನು ನುಗ್ಗೆ ಸೊಪ್ಪಿನ ರಸವನ್ನೂ ಗೊಬ್ಬರ ಅಂತ ಕೆಲವರು ಹೇಳ್ತಾರೆ, ಅದಕ್ಕೂ ಹತ್ತು ಪಾಲು ನೀರೇನಾ?

ಎರೆಹುಳು:

ನೆಲವಿದ್ದರೆ ಹೊದಿಕೆಯೇ ಮೇಲು, ನಾನೂ ಅದನ್ನೇ ಹೇಳುವುದು. ಸಾರಜನಕದ ಜೊತೆ ಮಣ್ಣಿಗೆ ಇಂಗಾಲವೂ ಸೇರುತ್ತದೆ, ಬರೀ ನೀರಿನಲ್ಲಿ ಅದು ಅಷ್ಟಾಗಿ ಸಿಗುವುದಿಲ್ಲ. ಕುಂಡದಲ್ಲಿ ಹೊದಿಸಲು ಜಾಗ ಕಡಿಮೆ, ಹಸಿದ ಗಿಡಕ್ಕೆ ಬೇಗ ಮುಟ್ಟಬೇಕು ಎಂದಾಗ ಈ ನೀರು.

ನುಗ್ಗೆಯದು ಬೇರೆಯೇ ವಿಷಯ. ಅದರಲ್ಲಿ ಬೆಳವಣಿಗೆ ಚುರುಕುಗೊಳಿಸುವ ಸೈಟೊಕೈನಿನ್ ಇರುತ್ತದೆ. ಅದು ಹೊಟ್ಟೆ ತುಂಬಿಸುವ ಊಟವಲ್ಲ, ಚುರುಕುಮದ್ದು. ಎಳೆ ಎಲೆ ಅರೆದು, ಹಿಂಡಿ, ಸುಮಾರು 30 ಪಾಲು ನೀರು ಸೇರಿಸಿ ಅವತ್ತೇ ಸಿಂಪಡಿಸಬೇಕು. ಕೊಳೆಸಿದರೆ ಅದೂ ಉಳಿದ ಸೊಪ್ಪಿನ ಹಾಗೆ ಒಂದು ಸೊಪ್ಪು ಅಷ್ಟೇ.

ಮಹಡಿತೋಟ:

ಒಂದು ತಿಂಗಳ ಮೇಲೆ ಬರೀತಿದ್ದೀನಿ. ಎಲ್ಲ ಕುಂಡಗಳನ್ನೂ ಅವತ್ತೇ ತೊಳೆದೆ. ಕೊಕೊಪೀಟಿನ ನಾಲ್ಕರಲ್ಲಿ ಎರಡು ಹೋದವು. ಕಿತ್ತು ನೋಡಿದ್ರೆ ಬೇರಿನ ತುದಿ ಎಲ್ಲ ಕಂದಾಗಿ ಮೆತ್ತಗಾಗಿತ್ತು. ಉಳಿದ ಒಂಬತ್ತೂ ಹೊಸ ಸುಳಿ ಬಿಟ್ಟಿವೆ.

ಹೊಸ ಬಕೆಟ್ಟಿಗೆ 1.2 ಕಿಲೋ ತೂಗಿ ಹಾಕಿ 12 ಲೀಟರ್ ನೀರು ಕೊಟ್ಟೆ. ಈ ತೂಕದ ಸೊಪ್ಪು ಬಕೆಟ್ಟಿನಲ್ಲಿ ಇಷ್ಟೇ ಇಷ್ಟು ಕಾಣುತ್ತೆ. ಮೊದಲ ಸಲ ಎಷ್ಟು ತುಂಬಿದ್ದೆ ಅಂತ ಆಗ ಅರ್ಥ ಆಯ್ತು. 13ನೇ ದಿನ ಪಿಎಚ್ ಪಟ್ಟಿ ಅದ್ದಿದಾಗ 7ರ ಹಸಿರು ಬಂತು. ಎಲ್ಲಕ್ಕೂ ಒಟ್ಟಿಗೆ ಸುರಿಯೋ ಧೈರ್ಯ ಇರಲಿಲ್ಲ. ಮೂರು ಕುಂಡಕ್ಕೆ ಹತ್ತು ಪಾಲು ನೀರು ಬೆರೆಸಿ ಕೊಟ್ಟು, ಮೂರಕ್ಕೆ ಬರೀ ನೀರು ಕೊಟ್ಟು ಕಾದೆ. ಹತ್ತನೇ ದಿನಕ್ಕೆ ಎಲೆ ಬಣ್ಣ ನೋಡಿದರೇ ಯಾವುದು ಯಾವುದು ಅಂತ ಹೇಳಬಹುದಿತ್ತು. ಒಂದು ಎಲೆಯ ಅಂಚೂ ಸುಟ್ಟಿಲ್ಲ. ಎಲ್ಲರಿಗೂ ಮನಸಾರೆ ಧನ್ಯವಾದ.

ಸರ್, ಹೂವಿನ ಹೊತ್ತಿಗೆ ನಿಲ್ಲಿಸಿ ಅಂದ್ರಿ. ಮೆಣಸು ಹೂವು, ಕಾಯಿ, ಚಿಗುರು ಮೂರನ್ನೂ ಒಟ್ಟಿಗೇ ಬಿಡ್ತಾ ಇರುತ್ತಲ್ಲ, ಆಗ ಏನು ಮಾಡ್ಲಿ?

ಎರೆಹುಳು:

ಮೆಣಸು, ಬದನೆಯಂಥವಕ್ಕೆ ಪೂರ್ತಿ ನಿಲ್ಲಿಸಬೇಡಿ ಅಮ್ಮ, ಮೊನ್ನೆ ನಾನು ಅದನ್ನು ಬಿಡಿಸಿ ಹೇಳಬೇಕಿತ್ತು. ಮೊದಲ ಹೂವು ಕಂಡ ಮೇಲೆ ಇಪ್ಪತ್ತು ಪಾಲಿಗೆ ತೆಳು ಮಾಡಿ 15 ದಿನಕ್ಕೊಮ್ಮೆ ಕೊಡಿ, ನಡುವಿನ ವಾರಗಳಲ್ಲಿ ಬಾಳೆದಿಂಡಿನ ನೀರನ್ನು ಹತ್ತು ಪಾಲು ಮಾಡಿ ಕೊಡಿ. ಚಿಗುರು ಕಡುಹಸಿರಾಗಿ, ಎಲೆ ದೊಡ್ಡದಾಗಿ, ಹೂವು ಉದುರುತ್ತಿದ್ದರೆ ಸೊಪ್ಪಿನ ನೀರನ್ನು ಒಂದು ಸರದಿ ಬಿಟ್ಟು ನೋಡಿ.