ಗಾಳಿ ಮೇಲೆ ನಿಂತ ಕಾರು
(ಗುಂಪು: ಮೆಕ್ಯಾನಿಕಲ್ ಬ್ಯಾಚ್, ತುಮಕೂರು. ಇಲ್ಲಿ ಒಬ್ಬೊಬ್ಬರನ್ನೂ ಅವರ ಊರ ಹೆಸರಿಂದಲೇ ಕರೆಯೋದು)

ಗುಬ್ಬಿ, ರಾತ್ರಿ 8:12
ಫಾರ್ವರ್ಡ್: "ಮರ್ಸಿಡಿಸ್ ಎಸ್ 350 ಸಿಡಿಐ, 2012 ಮಾಡೆಲ್, ಡೀಸೆಲ್, ದೆಹಲಿ ನಂಬರ್, ಎನ್‌ಒಸಿ (ಬೇರೆ ರಾಜ್ಯಕ್ಕೆ ಒಯ್ಯೋಕೆ ಆರ್‌ಟಿಒ ಒಪ್ಪಿಗೆ ಪತ್ರ) ರೆಡಿ. ಹೊಸ ಹ್ಯಾಚ್‌ಬ್ಯಾಕ್ ರೇಟಿಗೆ ಎಸ್ ಕ್ಲಾಸ್! ಬೇಕಾದವರು ಬೇಗ ಬನ್ನಿ."

ಗುಬ್ಬಿ, 8:13
ಬಟವಾಡಿ ಹತ್ರ ನಿಲ್ಸಿದಾರೆ. ಮೈಮೇಲೆ ಒಂದು ಗೆರೆ ಇಲ್ಲ. ಏನಂತೀರ?

ತಿಪಟೂರು, 8:20
ಎದುರಿಂದ ತೆಗೆದಿರೋ ಫೋಟೋ ದೊಡ್ಡದು ಮಾಡಿ ನೋಡು. ಚಕ್ರಕ್ಕೂ ಮಡ್‌ಗಾರ್ಡಿಗೂ ಮಧ್ಯೆ ಇರೋ ಸಂದು ಎರಡೂ ಕಡೆ ಒಂದೇ ಥರ ಇದೆಯಾ? ಒಂದು ಕಡೆ ಕೂತಿದೆ. ಆ ಗಾಡಿಗೆ ಕಾಯಿಲ್ ಸ್ಪ್ರಿಂಗ್ ಇಲ್ಲಪ್ಪ, ನಾಲ್ಕೂ ಮೂಲೆ ಗಾಳಿ ಮೇಲೆ ನಿಂತಿರೋದು.

ಶಿರಾ, 8:24
ಕೂತಿದ್ರೆ ಗಾಳಿ ತುಂಬೋ ಕಂಪ್ರೆಸರ್ ಹೋಗೈತೆ ಅಷ್ಟೆ. ಹೊಸದು ಹಾಕ್ಸಿದ್ರೆ ಆಯ್ತು.

ತಿಪಟೂರು, 8:31
ಇಲ್ಲೇ ಎಲ್ಲರೂ ದುಡ್ಡು ಕಳ್ಕೊಳ್ಳೋದು ಶಿರಾ. ಕಂಪ್ರೆಸರ್ ತಾನಾಗೇ ಸಾಯೋದು ಕಮ್ಮಿ. ರಬ್ಬರ್ ಬೆಲೋಸ್, ಅಂದ್ರೆ ಗಾಳಿ ತುಂಬಿರೋ ಚೀಲ, ಕೆಳಗಡೆ ಮಡಚ್ಕೊಳ್ಳುತ್ತಲ್ಲ, ಆ ಮಡಿಕೆಯಲ್ಲಿ ಧೂಳು ಸೇರಿ ಉಜ್ಜಿ ಉಜ್ಜಿ ಬಿರುಕು ಬಿಡುತ್ತೆ. ಸೋರಿದ್ದನ್ನ ತುಂಬೋಕೆ ಕಂಪ್ರೆಸರ್ ಮತ್ತೆ ಮತ್ತೆ ಓಡುತ್ತೆ, ಕಾಯುತ್ತೆ, ಒಳಗಡೆ ಸವೆಯುತ್ತೆ. ಅದಕ್ಕೆ ಕರೆಂಟ್ ಬಿಡೋ ಸ್ವಿಚ್ಚು ರಿಲೇ, ಅದರ ಕಾಂಟ್ಯಾಕ್ಟ್ ಅಂಟ್ಕೊಂಡ್ರಂತೂ ಕೀ ತೆಗೆದ್ರೂ ನಿಲ್ಲಲ್ಲ. ಸೋರೋ ಬೆಲೋಸ್ ಹಾಗೇ ಬಿಟ್ಟು ಹೊಸ ಕಂಪ್ರೆಸರ್ ಹಾಕಿದ್ರೆ ಅದೂ ಅದೇ ದಾರಿ ಹಿಡಿಯುತ್ತೆ. ಮೊದಲು ಸೋರಿಕೆ ನಿಲ್ಸು, ಆಮೇಲೆ ಕಂಪ್ರೆಸರ್, ಅದರ ಜೊತೆಗೇ ರಿಲೇ. ರಿಲೇ ಬೆಲೆ ಏನೂ ಅಲ್ಲ, ಹಳೇದನ್ನೇ ಬಿಡೋದು ದೊಡ್ಡ ತಪ್ಪು.

ಶಿರಾ, 8:36
ಅಷ್ಟೊಂದು ತಲೆನೋವು ಯಾಕೆ? ನಾಲ್ಕೂ ಬಿಚ್ಚಿಸಿ ಕಾಯಿಲ್ ಸ್ಪ್ರಿಂಗ್ ಕಿಟ್ ಹಾಕ್ಸು ಗುಬ್ಬಿ. ಒಂದು ಸಲದ ಖರ್ಚು. ನಮ್ಮ ಕಡೆ ರಸ್ತೆಗೆ ಅದೇ ಸರಿ.

ಮಧುಗಿರಿ, 8:41
ನಮ್ಮ ಕಡೆ ರಸ್ತೆ ಅಂತಾನೇ ಅದು ಬೇಡ ಅನ್ನೋದು. ಲಾಂಗ್ ವೀಲ್‌ಬೇಸ್ ಎಸ್ ಕ್ಲಾಸಿನ ಎರಡು ಆಕ್ಸಲ್ ಮಧ್ಯೆ 3165 ಮಿ.ಮೀ. ಐತೆ. ಊರೊಳಗಿನ ಹಂಪ್ ಮೇಲೆ ಹೊಟ್ಟೆ ಉಜ್ಜೋ ಗಾಡಿ ಅದು. ಗಾಳಿ ಸಸ್ಪೆನ್ಷನ್ ಇದ್ರೆ ಬಟನ್ ಒತ್ತಿ ಎತ್ಕೋಬೋದು, ಐದು ಜನ ಕೂತು ಡಿಕ್ಕಿ ತುಂಬಿದ್ರೂ ಹಿಂದ್ಗಡೆ ಇಳಿಯಲ್ಲ. ಕಿಟ್ ಹಾಕಿದ್ರೆ ಎರಡೂ ಹೋಯ್ತು. ರಸ್ತೆ ನೋಡಿ ಗಟ್ಟಿ, ಮೆತ್ತಗೆ ಆಗೋ ಡ್ಯಾಂಪರೂ (ಕುಲುಕಾಟ ತಡೆಯೋ ಶಾಕ್ ಅಬ್ಸಾರ್ಬರ್) ಹೋಯ್ತು. ಕಂಟ್ರೋಲ್ ಯೂನಿಟ್ಟು ಸೆನ್ಸರ್ ಹುಡುಕ್ಕೊಂಡು ಮೀಟರಲ್ಲಿ ವಾರ್ನಿಂಗ್ ತೋರಿಸ್ತಾನೇ ಇರುತ್ತೆ, ಅದನ್ನ ಮುಚ್ಚೋಕೆ ಇನ್ನೊಂದು ಡಬ್ಬಿ. ನಾಳೆ ನಿಜವಾದ ವಾರ್ನಿಂಗ್ ಬಂದ್ರೆ ಹೆಂಗೆ ಗೊತ್ತಾಗಬೇಕು?

ಶಿರಾ, 8:44
ನಾಲ್ಕು ಸ್ಟ್ರಟ್ (ಬೆಲೋಸು, ಡ್ಯಾಂಪರು ಸೇರಿದ ಕಂಬ) ಹೊಸದು ಹಾಕ್ಸೋಕೆ ಎಷ್ಟಾಗುತ್ತೆ ಅಂತ ಅವನಿಗೆ ಹೇಳಿದೀಯಾ?

ತಿಪಟೂರು, 8:52
ನಾಲ್ಕೂ ಹಾಕ್ಸು ಅಂತ ಯಾರಂದ್ರು? ಸೋಪಿನ ನೀರು ಸ್ಪ್ರೇ ಮಾಡಿ ಗುಳ್ಳೆ ಬರೋದು ಎಲ್ಲಿ ಅಂತ ನೋಡೋದು. ಬೆಲೋಸ್ ಮಡಿಕೆ, ಸ್ಟ್ರಟ್ ತಲೆ ಮೇಲೆ ಪೈಪ್ ಸೇರೋ ನಟ್, ಗಾಳಿನ ನಾಲ್ಕೂ ಮೂಲೆಗೆ ಹಂಚೋ ವಾಲ್ವ್ ಬ್ಲಾಕ್, ಈ ಮೂರು ಜಾಗ. ಗಾಡಿ ಕೆಳಗೆ ಇಳಿದಾಗ ಮಾತ್ರ ಸೋರೋ ಬಿರುಕೂ ಇರುತ್ತೆ, ಎತ್ತರದಲ್ಲಿ ಮಡಿಕೆ ಬೇರೆ ಕಡೆ ಬೀಳುತ್ತೆ. ಅದಕ್ಕೆ ಎರಡೂ ಎತ್ತರದಲ್ಲಿ ನೋಡ್ಬೇಕು.

ಇನ್ನೊಂದು. ಹೊಸ ಸ್ಟ್ರಟ್ ಹಾಕಿದ ತಕ್ಷಣ ಜಾಕ್ ಇಳಿಸಬಾರದು. ಚಕ್ರ ನೇತಾಡ್ತಿರುವಾಗಲೇ ಗಾಳಿ ತುಂಬ್ಸಿ ಆಮೇಲೆ ನಿಧಾನಕ್ಕೆ ಭಾರ ಬಿಡ್ಬೇಕು. ಖಾಲಿ ಬೆಲೋಸ್ ಮೇಲೆ ಅಷ್ಟು ದೊಡ್ಡ ಗಾಡಿ ಇಳಿದ್ರೆ ರಬ್ಬರ್ ಅಡ್ಡಾದಿಡ್ಡಿ ಮಡಚಿ ಹೊಸದೇ ಹರಿಯುತ್ತೆ. ಮಾಮೂಲಿ ಗಾಡಿ ಮಾಡೋ ಗ್ಯಾರೇಜಲ್ಲಿ ಇದೊಂದು ಗೊತ್ತಿರಲ್ಲ.

ಮಧುಗಿರಿ, 8:58
ಸ್ಕ್ಯಾನರ್ ವಿಷಯ, ಗಾಡಿ ಕಂಪ್ಯೂಟರ್ ಬರೆದಿಟ್ಟ ದೋಷದ ಕೋಡ್ ಓದೋ ಯಂತ್ರದ್ದು. ಸಾವಿರ ರೂಪಾಯಿಯ ಬ್ಲೂಟೂತ್ ಡಾಂಗಲ್ ತಗೊಂಡ್ಹೋಗಿ "ಕೋಡ್ ಏನೂ ಇಲ್ಲ" ಅಂತ ಬರಬ್ಯಾಡ. ಅದು ಓದೋದು ಎಂಜಿನ್ ಕೋಡ್ ಮಾತ್ರ. ಸಸ್ಪೆನ್ಷನ್, ಗೇರ್‌ಬಾಕ್ಸ್, ಬಾಗಿಲು, ಸೀಟು, ಒಂದೊಂದಕ್ಕೂ ಬೇರೆ ಬೇರೆ ಮಾಡ್ಯೂಲ್, ಅಂದ್ರೆ ಪುಟ್ಟ ಕಂಪ್ಯೂಟರ್. ಎಲ್ಲಾನೂ ಓದೋ ಕಂಪನಿ ಸ್ಕ್ಯಾನರ್ ಇರೋ ಕಡೆ ಪೂರ್ತಿ ರಿಪೋರ್ಟ್ ತೆಗೆಸು. ಕೋಡ್ ಅಳಿಸಿ ಮಾರೋರೂ ಇದಾರೆ, ಮೂವತ್ತು ನಲವತ್ತು ಕಿ.ಮೀ. ಓಡ್ಸಿ ಇನ್ನೊಂದ್ಸಲ ತೆಗೆಸು.

ಅದಕ್ಕೂ ಮೊದಲು ಬ್ಯಾಟರಿ. ರಾತ್ರಿ ನಿಂತ ಗಾಡಿಲಿ 12.6 ವೋಲ್ಟ್ ಇದ್ರೆ ಪೂರ್ತಿ ಚಾರ್ಜ್. 12.2ಕ್ಕಿಂತ ಕೆಳಗಿದ್ರೆ ಹತ್ತು ಮಾಡ್ಯೂಲ್ ಹತ್ತು ಥರ ಸುಳ್ಳು ಕೋಡ್ ಬರೀತವೆ, ಅದನ್ನ ನಂಬಿ ಪಾರ್ಟ್ ತಂದ್ರೆ ದುಡ್ಡು ದಂಡ. ಕೀಲೆಸ್ ಗಾಡಿ ಆದ್ರೆ ಕೀ ದೂರ ಇಡ್ಬೇಕು. ಪಕ್ಕದಲ್ಲೇ ಇದ್ರೆ ಮಾಡ್ಯೂಲ್‌ಗಳು ಮಲಗಲ್ಲ, ಬೆಳಗಾಗೋಷ್ಟ್ರಲ್ಲಿ ಬ್ಯಾಟರಿ ಇಳಿದಿರಬೋದು.

ಗುಬ್ಬಿ, 9:02
ಎಂಜಿನ್ ಹೆಂಗೆ? ಆರು ಸಿಲಿಂಡರ್ ಅಂತಿದಾರೆ.

ತಿಪಟೂರು, 9:07
ಎಂಜಿನ್ ಹೆಸರು ಒಎಂ 642, ಮೂರು ಲೀಟರ್ ವಿ6. ಗಟ್ಟಿ ಎಂಜಿನ್. ಕೊರಗು ಒಂದೇ, ಆಯಿಲ್ ಕೂಲರ್ ಎರಡು ಸಾಲು ಸಿಲಿಂಡರ್ ಮಧ್ಯದ ವಿ ಆಕಾರದ ಕಣಿವೆ ಒಳಗೆ, ಟರ್ಬೋ ಕೆಳಗೆ ಕೂತಿದೆ. ಅದರ ಸೀಲ್ ಒಣಗಿ ಆಯಿಲ್ ಬಿಡುತ್ತೆ. ಸೀಲ್ ಬೆಲೆ ಸಣ್ಣದು, ಅಲ್ಲಿಗೆ ಕೈ ಹಾಕೋಕೆ ಟರ್ಬೋ, ಇನ್‌ಟೇಕ್ ಎಲ್ಲ ಬಿಚ್ಚಬೇಕು. ಎಂಜಿನ್ ಹಿಂದ್ಗಡೆ, ಗೇರ್‌ಬಾಕ್ಸ್ ಸೇರೋ ಜಾಗದಲ್ಲಿ ಕೆಳಗಿಂದ ಟಾರ್ಚ್ ಬಿಡು. ಅಲ್ಲಿ ಆಯಿಲ್ ಇದ್ರೆ ಎಂಜಿನ್ನಿನ ಹಿಂದಿನ ಸೀಲ್ ಹೋಗಿದೆ ಅಂತ ಹೇಳಿ ಗೇರ್‌ಬಾಕ್ಸ್ ಇಳಿಸೋರು ಇದಾರೆ, ಮೇಲಿಂದ ಹರಿದು ಬಂದಿದ್ದಾ ಅಂತ ಮೊದಲು ನೋಡ್ಬೇಕು. ತೊಳೆದು ಒರೆಸಿ ಹೊಳೀತಿರೋ ಎಂಜಿನ್ ಆದ್ರೆ ಇನ್ನೂ ಅನುಮಾನ ಪಡು.

ಕುಣಿಗಲ್, 9:15
ಎಲ್ಲರೂ ಕಬ್ಬಿಣದ ಬಗ್ಗೆನೇ ಮಾತಾಡ್ತಿದೀರ, ಕಾಗದ ಯಾರು ನೋಡ್ತೀರಾ? ಗುಬ್ಬಿ, ದೆಹಲಿಲಿ 10 ವರ್ಷ ದಾಟಿದ ಡೀಸೆಲ್‌ಗೆ 2015ರ ಎನ್‌ಜಿಟಿ (ರಾಷ್ಟ್ರೀಯ ಹಸಿರು ನ್ಯಾಯಮಂಡಳಿ) ಆದೇಶದಿಂದ ಕಾಟ ಶುರುವಾಗಿದ್ದು. ಅದಕ್ಕೇ ಈ ರೇಟು. ಇಲ್ಲಿ ಕೆಎ 06 (ತುಮಕೂರು) ನಂಬರ್ ಮಾಡಿಸ್ಬೇಕಾದ್ರೆ ಜೀವಾವಧಿ ತೆರಿಗೆ ಬೇರೆ ಕಟ್ಟಬೇಕು, ಆ ದುಡ್ಡು ಜಾಹೀರಾತಿನ ರೇಟಲ್ಲಿ ಇಲ್ಲ. ಆರ್‌ಸಿ 15 ವರ್ಷಕ್ಕೆ, 2012ರ ಗಾಡಿಗೆ 2027ಕ್ಕೆ ಮುಗಿಯುತ್ತೆ. ಆಮೇಲೆ ಫಿಟ್‌ನೆಸ್ ಮಾಡಿಸಿ ಐದೈದು ವರ್ಷಕ್ಕೆ ನವೀಕರಣ.

ಕುಣಿಗಲ್, 9:19
ಇನ್ಶೂರೆನ್ಸೂ ಕೇಳು. ಹಳೇ ಗಾಡಿ, ಐಡಿವಿ (ಇನ್ಶೂರೆನ್ಸ್ ಕಂಪನಿ ಒಪ್ಪಿರೋ ಗಾಡಿ ಬೆಲೆ) ಕಮ್ಮಿ. ರಿಪೇರಿ ಅಂದಾಜು ಐಡಿವಿಯ ಶೇ. 75 ದಾಟಿದ್ರೆ ಟೋಟಲ್ ಲಾಸ್, ಅಂದ್ರೆ ರಿಪೇರಿ ಮಾಡಿಸಲ್ಲ, ಗಾಡಿ ಬೆಲೆ ಕೊಟ್ಟು ಮುಗಿಸ್ತಾರೆ. ಪಾರ್ಟ್ ಬೆಲೆ ಮಾತ್ರ ಎಸ್ ಕ್ಲಾಸಿಂದೇ, ಅದಕ್ಕೆ ವಯಸ್ಸಾಗಲ್ಲ. ಹೆಡ್‌ಲೈಟ್, ಬಂಪರ್, ಬಾನೆಟ್, ಏರ್‌ಬ್ಯಾಗ್ ಸೇರಿದ್ರೆ ಆ ಗೆರೆ ಹತ್ರ ಬಂದ್ಬಿಡುತ್ತೆ. ಬೆಲೋಸ್ ಸವೆದಿದ್ದು, ಕಂಪ್ರೆಸರ್ ಸುಟ್ಟಿದ್ದು ಮಾಮೂಲಿ ಪಾಲಿಸಿಲಿ ಬರಲ್ಲ, ಅದು ಸವೆತ.

ಶಿರಾ, 9:22
ಕುಣಿಗಲ್ ಹೇಳಿದ್ದು ಒಪ್ಕೋತೀನಿ ಕಣಮ್ಮ. ತೆರಿಗೆ ಲೆಕ್ಕ ನಾನು ಹಾಕಿರ್ಲಿಲ್ಲ. ಸ್ಪ್ರಿಂಗ್ ಕಿಟ್ ಮಾತ್ರ ತಪ್ಪು ಅನ್ನಲ್ಲ. ಹಳ್ಳಿ ಕಡೆ ಕೂತುಬಿಟ್ರೆ ಗಾಡಿ ಹೊರೋ ಫ್ಲಾಟ್‌ಬೆಡ್ ಲಾರಿ ಎಲ್ಲಿಂದ ತರ್ತೀರಿ?

ಮಧುಗಿರಿ, 9:26
ಆ ಪ್ರಶ್ನೆ ನಿಜ. ಕೂತ ಗಾಡಿ ಓಡ್ಸಿದ್ರೆ ಟಯರ್ ಮಡ್‌ಗಾರ್ಡಿಗೆ ಉಜ್ಜುತ್ತೆ, ಎಳ್ಕೊಂಡು ಹೋಗೋಕೂ ಆಗಲ್ಲ, ಹೊತ್ಕೊಂಡೇ ಹೋಗ್ಬೇಕು. ಆದ್ರೆ ಸಾಮಾನ್ಯವಾಗಿ ಅದು ರಾತ್ರೋರಾತ್ರಿ ಬರೋ ಕಾಯಿಲೆ ಅಲ್ಲ. ವಾರಗಟ್ಲೆ ಮೊದಲೇ ಬೆಳಗ್ಗೆ ಬೆಳಗ್ಗೆ ಒಂದು ಮೂಲೆ ಇಳಿದಿರುತ್ತೆ. ಅವತ್ತೇ ನೋಡ್ದೋರಿಗೆ ಒಂದು ಬೆಲೋಸ್ ಖರ್ಚು.

ಗುಬ್ಬಿ, 9:29
ಹಂಗಾದ್ರೆ ನಾಳೆ ನೋಡೋಕೆ ಹೋಗ್ಲಾ, ಬ್ಯಾಡ್ವಾ?

ತಿಪಟೂರು, 9:34
ಹೋಗು. ಸಂಜೆ ಹೋಗು, ಟೇಪು ಹಿಡ್ಕೊಂಡು. ಸಮತಟ್ಟು ಜಾಗದಲ್ಲಿ ನಿಲ್ಸಿಸಿ ನಾಲ್ಕೂ ಕಡೆ ಚಕ್ರದ ನಡುಮಧ್ಯದಿಂದ ಮಡ್‌ಗಾರ್ಡ್ ಅಂಚಿಗೆ ಅಳತೆ ತಗೊಂಡು ಬರ್ಕೋ. ರಾತ್ರಿ ಅಲ್ಲೇ ಇರ್ಲಿ ಅನ್ನು. ಬೆಳಗ್ಗೆ ಅವರು ಲಾಕ್ ತೆಗೆಯೋಕೆ ಮುಂಚೆನೇ ಮತ್ತೆ ಅಳೆ. ಬಾಗಿಲು ತೆಗೆದ್ರೆ ಸಿಸ್ಟಮ್ ಎದ್ದು ಎತ್ತರ ಸರಿ ಮಾಡ್ಕೊಳ್ಳುತ್ತೆ, ಅಳತೆ ಕೆಟ್ಟೋಯ್ತು. ಒಂದೆರಡು ಮಿ.ಮೀ. ವ್ಯತ್ಯಾಸ ಬಿಡು. ಒಂದೇ ಮೂಲೆ ಇಪ್ಪತ್ತು ಮೂವತ್ತು ಇಳಿದಿದ್ರೆ ಆ ಮೂಲೆ ಸೋರ್ತಿದೆ.

ಕುಣಿಗಲ್, 9:36
ಅಲ್ಲೇ ಇರುವಾಗ ಸೀಟ್‌ಬೆಲ್ಟ್ ಪೂರ್ತಿ ಹೊರಗೆ ಎಳೆದು ನೋಡು, ಮಣ್ಣಿನ ಗೆರೆ ಇದ್ರೆ ನೀರಲ್ಲಿ ಮುಳುಗಿದ ಗಾಡಿ. ಡಿಕ್ಕಿ ಕಾರ್ಪೆಟ್ ಕೆಳಗೂ ಕೈ ಹಾಕು.

ಗುಬ್ಬಿ, 9:38
ರಾತ್ರಿ ನಿಲ್ಸೋಕೆ ಒಪ್ದೇ ಹೋದ್ರೆ?

ತಿಪಟೂರು, 9:38
ಹಾಗಾದ್ರೆ ಟೇಪ್ ಸುತ್ಕೊಂಡು ವಾಪಸ್ ಬಾ.